ಮೂರನೆಯ ಕೆರೆಗೆ ಕಟ್ಟಿದ ಗಂಟುಮೂಟೆ

ಬೆಳಗೊಳ

ಬಸ್ಸಿನ ಟಾಪಿನ ಮೇಲೆ ಏನನ್ನು ಎಲ್ಲಿ ಹೇರಬೇಕು ಅನ್ನುವುದರಲ್ಲಿ ನನ್ನನ್ನು ಮೀರಿಸುವ ಕಂಡಕ್ಟರು ನಮ್ಮ ಡಿಪೋದಲ್ಲಿ ಇರಲಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಮುಂದೆ ಹೇಳುವ ಸಂಗತಿಗೆ ಈ ಮಾತು ಬೇಕು. ಕೆ.ಆರ್. ಪೇಟೆಯಿಂದ ನಾಗಮಂಗಲ, ಪಾಂಡವಪುರದಿಂದ ಶ್ರೀರಂಗಪಟ್ಟಣ, ಹೀಗೆ ನಾಲ್ಕು ಊರುಗಳ ನಡುವೆಯೇ ಓಡಾಡಿ ನನ್ನ ತಲೆ ನರೆಯಿತು. ಸಂತೆಬಾಚಹಳ್ಳಿಯ ಸಂತೆಯ ದಿನ ತೆಂಗಿನಕಾಯಿ ಮೂಟೆ, ಕೋಳಿ ಬುಟ್ಟಿ, ಕುರಿಮರಿ, ಒಂದು ಸಲ ಹೊಸ ಮದುಮಕ್ಕಳ ಮಂಚ, ಎಲ್ಲಕ್ಕೂ ಜಾಗ ಮಾಡಿಕೊಟ್ಟಿದ್ದೇನೆ. ಜಾಗ ಮಾಡುತ್ತಲೇ, "ಯಾಕಮ್ಮ ಇಷ್ಟೊಂದು ಹೊತ್ಕಂಡ್ ಬತ್ತೀರಾ, ಮನೇನೇ ಕಿತ್ಕಂಡ್ ಬಂದ್ಬುಡಿ" ಎಂದು ರೇಗಿಯೂ ಇದ್ದೇನೆ. ಹಾಗೆ ರೇಗುತ್ತಿದ್ದ ಬಾಯಿ ಹೋದ ಬೇಸಿಗೆಯಲ್ಲಿ ಕೆನಡಾ ದೇಶದ ಒಂದು ಕೆರೆಯ ದಡದಲ್ಲಿ ಕಟ್ಟಿಹೋಯಿತು.

ಕೆನಡಾದಲ್ಲಿರುವುದು ನನ್ನ ಅಕ್ಕ. ಮೈಸೂರಿನಲ್ಲಿ ನರ್ಸಿಂಗ್ ಓದಿ, ಮೊದಲು ಮರಳುಗಾಡಿನ ದೇಶಕ್ಕೆ, ಅಲ್ಲಿಂದ ಹಿಮದ ದೇಶಕ್ಕೆ ಹೋದವಳು. ಅವಳ ಹಿಂದೆ ಹೋದವರು ಭಾವ. ಸಂತೆಬಾಚಹಳ್ಳಿ ಕಡೆಯ ಬೇಸಾಯದ ಮನೆಯವರು, ಊರಲ್ಲಿ ಟ್ರಾಕ್ಟರು ಓಡಿಸುತ್ತಿದ್ದರು. ಅಲ್ಲಿ ಹೋಗಿ ಶಾಲೆ ಮಕ್ಕಳ ಹಳದಿ ಬಸ್ಸಿಗೆ ಡ್ರೈವರಾದರು. ಅಂದಿನಿಂದ ನಮ್ಮಿಬ್ಬರದು ಭಾವ-ಭಾಮೈದರ ಸಂಬಂಧಕ್ಕಿಂತ ಡ್ರೈವರು-ಕಂಡಕ್ಟರ ಸಂಬಂಧವೇ ಹೆಚ್ಚು. ಫೋನಿನಲ್ಲಿ ಮಾತು ಶುರುವಾಗುವುದೇ "ಏನ್ಲಾ, ಕಲೆಕ್ಷನ್ ಎಂಗೈತೆ?" ಎಂದು.

ಕಳೆದ ಚಳಿಗಾಲದಲ್ಲಿ ಅವರೇ ಫೋನು ಮಾಡಿದರು. "ಲೇ ಶಿವಣ್ಣ, ರಿಟೈರಾಗಿ ಹಸ ಮೇಯಿಸ್ಕಂಡ್ ಕುಂತಿದ್ದೀಯಂತೆ. ಈ ಬ್ಯಾಸ್ಗೆಗೆ ಬಂದ್ಬುಡ್ಲಾ. ದೋಣೀಲಿ ಮೂರ್ನೇ ಕೆರೆಗೆ ಓಗಿ, ಅಲ್ಲೇ ಡೇರೆ ಹೊಡ್ಕಂಡ್ ಇದ್ದು ಬರನಾ."

ಅವರಿರುವ ಊರಿನ ಬಡಗಲಿಗೆ ದೊಡ್ಡ ಕಾಡು. ಕಾಡಿನ ತುಂಬ ಸರೋವರಗಳು. ಅವುಗಳಿಗೆ ಅಲ್ಲಿಯವರ ಹೆಸರುಗಳಿವೆ. ಭಾವನ ಬಾಯಲ್ಲಿ ಮಾತ್ರ ಅವು ಒಂದನೇ ಕೆರೆ, ಎರಡನೇ ಕೆರೆ, ಮೂರನೇ ಕೆರೆ. ಒಂದರಿಂದ ಇನ್ನೊಂದಕ್ಕೆ ನೀರಿನ ದಾರಿಯಿಲ್ಲ. ದೋಣಿಯನ್ನು ತಲೆಯ ಮೇಲೆ ಕವುಚಿ ಹೊತ್ತು, ಗಂಟುಮೂಟೆ ಬೆನ್ನಿಗೆ ಹಾಕಿಕೊಂಡು, ಕಾಡಿನೊಳಗೆ ನಡೆದು ಮುಂದಿನ ಕೆರೆಗೆ ಇಳಿಯಬೇಕು. ಭಾವ ಅದನ್ನು ಹೊರೆದಾರಿ ಎನ್ನುತ್ತಿದ್ದರು. ಹೋದ ಹೊಸತರಲ್ಲಿ, ಭಾಷೆ ಬಾರದೆ, ಹಿಮಕ್ಕೆ ಬೇಸತ್ತು, ಊರಿಗೆ ಹಿಂದಿರುಗುತ್ತೇನೆಂದು ಹಟ ಹಿಡಿದಿದ್ದ ಅವರನ್ನು ಪಕ್ಕದ ಮನೆಯ ಮಾರ್ಟಿನ್ ಎಂಬಾತ ಆ ಮೂರನೆಯ ಕೆರೆಗೆ ಕರೆದುಕೊಂಡು ಹೋಗಿದ್ದನಂತೆ. ಅಲ್ಲಿಂದ ಬಂದ ಮೇಲೆ ಭಾವ ಊರಿಗೆ ಹೊರಡುವ ಮಾತೆತ್ತಲಿಲ್ಲ. ಆಮೇಲೆ ವರ್ಷ ವರ್ಷವೂ ಹೋದರು. ಅಕ್ಕ ಮಾತ್ರ ಒಂದು ಸಲವೂ ಹೋಗಲಿಲ್ಲ. ಆಸ್ಪತ್ರೆಯ ಡ್ಯೂಟಿ, ಸೊಳ್ಳೆ, ಕರಡಿ, ಒಂದಲ್ಲ ಒಂದು ನೆಪ.

ಈಗ ಭಾವನ ಬಲ ಮಂಡಿ ಸವೆದಿತ್ತು. ಚಳಿ ಬೀಳುವ ಮೊದಲು ಆಪರೇಷನ್, ಅದಾದ ಮೇಲೆ ಹೊರೆ ಹೊರುವಂತಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

"ಇದೇ ಕಡೇ ಬ್ಯಾಸ್ಗೆ ಕಣ್ಲಾ. ನಿಮ್ಮಕ್ಕನ್ಗೆ ಆ ಕೆರೆ ಒಂದ್ಸತಿ ತೋರಿಸ್ಬುಡ್ಬೇಕು. ಈಗ ಅವ್ಳೂ ಒಪ್ಪವ್ಳೆ. ನೀನು ಬಂದ್ರೆ ಇನ್ನೊಂದು ಹೆಗಲಾಯ್ತದೆ."

ಹೆಗಲಾಗಲು ಹೊರಟವನ ಚೀಲಕ್ಕೆ ನನ್ನ ಹೆಂಡತಿ ರತ್ನ ತುಂಬಿದ್ದೇನು? ರಾಗಿ ಹಿಟ್ಟು, ಹುರುಳಿಕಾಳು, ಚಟ್ನಿಪುಡಿ, ಸಂಡಿಗೆ, ಕೊಬ್ಬರಿ, ಬೆಲ್ಲ, ನಿಂಬೆಕಾಯಿ ಉಪ್ಪಿನಕಾಯಿ. ಹಸುಗಳನ್ನು ಬಿಟ್ಟು ತಾನು ಬರುವಂತಿಲ್ಲ ಎಂಬ ಸಂಕಟವನ್ನೂ ಅವಳು ಅದರೊಳಗೇ ತುಂಬಿದಳೇನೋ. "ಭಾವ ಕಮ್ಮಿ ತತ್ತಾ ಅಂದವ್ರೆ ಕಣೇ" ಎಂದೆ.

"ಇರ್ಲಿ ತಕ್ಕಂಡೋಗಿ. ಅಲ್ಲೇನು ಸಿಕ್ಕದೋ, ಸಿಕ್ಕಕಿಲ್ವೋ."

ಪಡಸಾಲೆಯಲ್ಲಿ ಕುಳಿತಿದ್ದ ನಮ್ಮವ್ವ ಎಲೆಯಡಿಕೆ ಬಾಯೊಳಗಿಂದಲೇ ಸೇರಿಸಿದಳು: "ಮುದ್ದೆ ಕೋಲು ಮಡಗ್ದೇನವ್ವಾ?"

ಅಕ್ಕನ ಮನೆ

ಗಂಟು ಕಟ್ಟುವುದಕ್ಕೂ ಅಲ್ಲಿ ಒಂದು ಪದ್ಧತಿಯಿದೆ ಎಂದು ನನಗೆ ಗೊತ್ತಿರಲಿಲ್ಲ. ನಾವು ಚೀಲ ತೆಗೆದುಕೊಂಡು ತುಂಬಲು ಶುರುಮಾಡುತ್ತೇವೆ; ಚೀಲ ತುಂಬಿದರೆ ಇನ್ನೊಂದು ಚೀಲ. ಭಾವ ಹಾಗಲ್ಲ. ಕಾರಿನ ಶೆಡ್ಡಿನಲ್ಲಿ ಒಂದು ಟಾರ್ಪಾಲು ಹಾಸಿ ಎಲ್ಲವನ್ನೂ ಅದರ ಮೇಲೆ ಹರಡಿಸಿದರು. ಡೇರೆ, ಮಲಗುವ ಚೀಲ, ಹಗ್ಗ, ಒಲೆ, ಕರಡಿಗೆ ವಾಸನೆ ಹತ್ತದ ಹಾಗೆ ಊಟದ ಸಾಮಾನು ತುಂಬುವ ಮುಚ್ಚಳದ ನೀಲಿ ಡ್ರಮ್ಮು. ಆಮೇಲೆ ಪೊಲೀಸಿನವರ ಹಾಗೆ ಸುತ್ತ ನಡೆದರು.

"ಇದ್ಯಾವ್ದು ಕುಕ್ಕರು?"

"ಕಾಳು ಬೇಯ್ಬೇಕಲ್ರೀ" ಎಂದಳು ಅಕ್ಕ.

"ಕಾಡಲ್ಲಿ ಸೀಟಿ ಹೊಡ್ಸುದ್ರೆ ಕರಡಿಗೆ ಊಟದ ಬೆಲ್ಲು ಹೊಡ್ದಂಗೆ. ತೆಗಿ. ಇದು ಯಾರ್ದು ಮಂಕಿ ಕ್ಯಾಪು?"

"ನಂದು ಭಾವ. ಮುಂಜಾನೆ ಚಳಿ ಅಂದ್ರಲ್ಲ."

"ಒಂದು ಇರ್ಲಿ. ಮೂರು ಯಾಕ್ಲಾ? ನಿಂಗೇನು ರಾವಣನಂಗೆ ಹತ್ತು ತಲೆ ಅವಾ?"

ಹಾಗೆ ಅರ್ಧಕ್ಕರ್ಧ ತೆಗೆಸಿ ಉಳಿದದ್ದನ್ನು ಚೀಲಕ್ಕೆ ತುಂಬಿಸಿ, ನಮ್ಮ ಬೆನ್ನಿಗೇರಿಸಿ, ಬೀದಿಯನ್ನು ಒಂದು ಸುತ್ತು ಹಾಕಿಸಿದರು. ಅದೇ ಅವರ ಪರೀಕ್ಷೆ: ಹೊತ್ತು ಸುತ್ತಿ ಬಂದವರಿಗೆ ಇನ್ನೊಂದು ಸುತ್ತು ಹೋಗುವ ದಮ್ಮಿರಬೇಕು. ನಾನೂ ಅಕ್ಕನೂ ಆ ಸ್ವಚ್ಛ ಬೀದಿಯಲ್ಲಿ, ಹುಲ್ಲು ಕತ್ತರಿಸುತ್ತಿದ್ದವರ ಕಣ್ಣೆದುರಿಗೆ, ಮೂಟೆ ಹೊತ್ತ ಕತ್ತೆಗಳ ಹಾಗೆ ನಡೆದೆವು. ಯಾರೂ ನಗಲಿಲ್ಲ. ಒಬ್ಬಾತ ಕೈಯೆತ್ತಿ ಶುಭವಾಗಲಿ ಎಂಬಂತೆ ಬೀಸಿದ. ನಮ್ಮ ಬೆಳಗೊಳದಲ್ಲಿ ಹೀಗೆ ನಡೆದಿದ್ದರೆ, ಅಂಗಡಿ ಜಗಲಿಯಿಂದ ಹಿಡಿದು ಡೈರಿವರೆಗೆ ಉತ್ತರ ಹೇಳಬೇಕಾಗುತ್ತಿತ್ತು.

ಪರೀಕ್ಷೆಯಲ್ಲಿ ಪಾಸಾದೆವು. ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ಬೇರೆಯೇ ಆಗುತ್ತಿತ್ತು. ಮುಂದಿನ ದಿನಗಳಲ್ಲಿ ನಾನೊಮ್ಮೆ ಶೆಡ್ಡಿಗೆ ಹೋದೆ, ಅಕ್ಕ ಒಮ್ಮೆ ಹೋದಳು. ಭಾವ ಕೂಡ ಹೋದರೆಂದು ಆಮೇಲೆ ತಿಳಿಯಿತು. ಒಬ್ಬೊಬ್ಬರೂ ಹೋಗಿ, ಇಷ್ಟೇ ಅಲ್ಲವೇ, ಇದರಿಂದೇನು ಭಾರ ಎಂದು ಒಂದೊಂದನ್ನು ಒಳಗೆ ತುರುಕಿದೆವು.

ಸೋಮವಾರ

ಕಾಡಿನಲ್ಲಿ ಡೇರೆ ಹಾಕುವ ಜಾಗವನ್ನು ಮೊದಲೇ ಹಿಡಿದಿಟ್ಟುಕೊಳ್ಳಬೇಕು. ನಮಗೆ ಸಿಕ್ಕಿದ್ದು ಬುಧವಾರದಿಂದ. ವಿಡಿಯೋ ಕಾಲ್‌ನಲ್ಲಿ ಅಕ್ಕ ಇದನ್ನು ಅವ್ವನಿಗೆ ಹೇಳಿದಳು. ಅವ್ವ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು.

"ಬುಧವಾರ ಯಾವ ಕಡೀಕೆ?"

"ಬಡಗ್ಲಾಗಿ ಕಣವ್ವ."

"ಮಂಗ್ಳಾರ ಬುಧವಾರ ಬಡಗ್ಲಾಗಿ ಓಗಂಗಿಲ್ಲ, ಶೂಲೆ ಐತೆ. ಅಳಿಯಪ್ಪಾ, ನೀನಾದ್ರೂ ಏಳಬಾರ್ದಾ?"

ಭಾವ ಫೋನಿನೆದುರು ಬಂದು ಕೈಮುಗಿದರು. ದಿನ ಬದಲಿಸಲು ಆಗುವುದಿಲ್ಲವೆಂದು ವಿವರಿಸಿದರು. ಅವ್ವ ಬಿಡಲಿಲ್ಲ. "ಅಂಗಾರೆ ಸೋಮ್ವಾರ್ವೇ ಪರಸ್ಥಾನ ಇಟ್ಬುಡಿ."

ಇದು ನಮ್ಮ ಹಿರಿಯರ ಉಪಾಯ. ಹೊರಡಬೇಕಾದ ದಿನ ಸರಿಯಿಲ್ಲವೆಂದರೆ, ಅದಕ್ಕೆ ಮೊದಲಿನ ಒಳ್ಳೆಯ ದಿನ ಪ್ರಯಾಣದ ಒಂದು ಸಾಮಾನನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾದಂತೆ. ಹೊರಡುವ ದಿನ ಮನೆ ಬಿಟ್ಟು, ಅದನ್ನು ಎತ್ತಿಕೊಂಡು, ಹಿಂದಿರುಗಿ ನೋಡದೆ ನಡೆಯಬೇಕು.

"ಏನ್ ಇಡನವ್ವಾ? ಒಂದು ಜೊತೆ ಬಟ್ಟೆ ಇಡ್ಲಾ?" ಎಂದಳು ಅಕ್ಕ.

"ಬಟ್ಟೆ ಇಟ್ರೆ ಮರ್ತು ಬುಟ್ಟೋಯ್ತೀರಾ. ಬುಟ್ಟೋಗಕ್ಕೇ ಆಗಬಾರ್ದು, ಅಂತಾದ್ದು ಇಡ್ರಿ."

ಭಾವ ತಮಾಷೆಗೆಂದು ಗೋಡೆಯಲ್ಲಿ ನೇತುಹಾಕಿದ್ದ ಮರದ ತುಂಡೊಂದನ್ನು ತಂದು ತೋರಿಸಿದರು. ನಡುವೆ ಕುತ್ತಿಗೆಗೆ ಕೂರುವಂತೆ ಬಾಗಿಸಿ, ಎರಡು ಕಡೆ ಹೆಗಲಿಗೆ ಮೆತ್ತೆ ಕೂರಿಸಿದ್ದ ತುಂಡು. ಹೊರೆದಾರಿ ಬಂದಾಗ ಅದನ್ನು ದೋಣಿಗೆ ಅಡ್ಡಲಾಗಿ ತಿರುಪು ಹಾಕಿ ಬಿಗಿದರೆ, ಇಡೀ ದೋಣಿ ಹೆಗಲ ಮೇಲೆ ಹೂವಿನಂತೆ ಕೂರುತ್ತದೆ. ಮಾರ್ಟಿನ್ ಕೈಯಾರೆ ಕೆತ್ತಿ ಕೊಟ್ಟದ್ದು.

"ಇದು ದೋಣಿ ನೊಗ ಅತ್ತೆ. ಇದ್ನೇ ಇಟ್ಬುಡನಾ?"

ಅವ್ವನ ಮುಖ ಅರಳಿತು. "ದೋಣಿಗೂ ನೊಗ ಐತಾ! ನೊಗ ಅಂದ್ರೆ ಲಕ್ಷ್ಮಿ ಕಣಪ್ಪ. ಅದ್ನೇ ಇಡ್ರಿ. ಕುಂಕುಮ ಇಟ್ಟು ಇಡ್ರಿ."

ಅಕ್ಕ ಕುಂಕುಮವಿಟ್ಟಳು. ನಾವು ಮೂವರೂ ಮೆರವಣಿಗೆ ಹೋಗಿ ಪಕ್ಕದ ಮನೆಯ ಮಾರ್ಟಿನ್ನನ ಜಗಲಿಯಲ್ಲಿ ನೊಗವನ್ನಿಟ್ಟೆವು. ಈಗ ಹಣ್ಣುಹಣ್ಣು ಮುದುಕನಾಗಿರುವ ಆತ, ಅಕ್ಕ ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿದ.

"ಹಾಗಾದರೆ ನೀವು ಈಗಾಗಲೇ ಹೊರಟುಬಿಟ್ಟಿದ್ದೀರಿ?" ಎಂದ.

"ಹೌದು."

"ಮತ್ತೆ ಇಲ್ಲಿ ನಿಂತಿರುವವರು ಯಾರು?"

ಎಲ್ಲರೂ ನಕ್ಕೆವು. ಆತ ಮಾತ್ರ ನೊಗವನ್ನು ಎರಡೂ ಕೈಯಲ್ಲಿ ಎತ್ತಿ, ಇಬ್ಬನಿ ತಾಕದಿರಲೆಂದು ಒಂದು ಕಂಬಳಿಯಲ್ಲಿ ಸುತ್ತಿ, ಜಗಲಿಯ ಬೆಂಚಿನ ಕೆಳಗೆ ಸರಿಸಿಟ್ಟ. ಬುಧವಾರ ತಾನು ಮಗಳ ಮನೆಯಲ್ಲಿರುತ್ತೇನೆ, ಬಂದು ತೆಗೆದುಕೊಂಡು ಹೋಗಿ ಎಂದ.

ಬುಧವಾರ ಬೆಳಿಗ್ಗೆ

ಹೊರಡುವ ಗಡಿಬಿಡಿ ಯಾವ ದೇಶದಲ್ಲಾದರೂ ಒಂದೇ. ದೋಣಿಯನ್ನು ಕವುಚಿ ಕಾರಿನ ಮೇಲೆ ಹಗ್ಗ ಬಿಗಿದಿದ್ದೆವು. ಲಗೇಜು ಕಂಡಕ್ಟರಿನದು, ಓಡಿಸುವುದು ತನ್ನದು ಎಂದು ಭಾವ ಸ್ಟೀರಿಂಗ್ ಹಿಡಿದು ಕುಳಿತಿದ್ದರು. ನಾನು ಹಿಂದಿನ ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಮುಚ್ಚುತ್ತಿದ್ದೆ. ಅಕ್ಕ ಒಲೆ ಆರಿಸಿದ್ದೇನೋ ಇಲ್ಲವೋ ಎಂದು ಒಳಗೆ ಓಡಿದಳು, ಹೊರಗೆ ಬಂದಳು, ಬೀಗ ಹಾಕಿದ್ದೇನೋ ಇಲ್ಲವೋ ಎಂದು ಮತ್ತೆ ಓಡಿದಳು. ಎರಡನೆಯ ಸಲ ಅವಳು ಪಕ್ಕದ ಮನೆಯ ಕಡೆಯಿಂದ ಬಂದಂತೆ ನನಗೆ ಕಂಡಿತು. ನೊಗ ತಂದು ಮುಂದಿನ ಸೀಟಿನ ಹತ್ತಿರ ಇಟ್ಟಿದ್ದಾಳೆ ಎಂದುಕೊಂಡೆ. ಅವಳು, ತಮ್ಮ ಲಗೇಜಿನವನು, ಅವನು ಇಟ್ಟೇ ಇರುತ್ತಾನೆ ಎಂದುಕೊಂಡಿದ್ದಳು.

ನಾನು ಹತ್ತಿ ಬಾಗಿಲು ಎಳೆದುಕೊಂಡು, ಹಳೆಯ ಅಭ್ಯಾಸದಲ್ಲಿ ಬಾಗಿಲಿಗೆ ಎರಡು ಸಲ ಬಡಿದು, "ರೈಟ್!" ಎಂದೆ.

ಕಂಡಕ್ಟರು ರೈಟ್ ಎಂದ ಮೇಲೆ ಡ್ರೈವರು ಹಿಂದಿರುಗಿ ನೋಡುವುದಿಲ್ಲ. ಯಾರು ಹತ್ತಿದರು, ಯಾರು ಬಿಟ್ಟರು ಎಂದು ಕೇಳುವುದಿಲ್ಲ. ಆ ನಂಬಿಕೆಯ ಮೇಲೆಯೇ ಬಸ್ಸು ಓಡುವುದು. ಭಾವ ನಕ್ಕು, ಗೇರು ಹಾಕಿ, ಮಾರ್ಟಿನ್ನನ ಮನೆಯ ಮುಂದೆಯೇ ಹಾದು ಹೊರಟುಬಿಟ್ಟರು.

ಒಂದನೇ ಕೆರೆ

ಅರ್ಧ ದಿನದ ಹಾದಿ. ಕಾಡಿನಂಚಿನಲ್ಲಿ ಕಾರು ನಿಲ್ಲಿಸಿ ದೋಣಿಯನ್ನು ನೀರಿಗಿಳಿಸಿದೆವು. ಅಕ್ಕ ಮುಂದೆ, ಭಾವ ಹಿಂದೆ, ನಡುವೆ ಗಂಟುಗಳ ಮೇಲೆ ಮಾರ್ವಾಡಿಯ ಹಾಗೆ ನಾನು. ನಮ್ಮ ಶ್ರೀರಂಗಪಟ್ಟಣದ ಹರಿಗೋಲು ಬಿದಿರಿನ ಬುಟ್ಟಿ. ನಾವು ಹೇಗೆ ಕುಳಿತರೂ ಹೊತ್ತುಕೊಂಡು ಸುತ್ತುತ್ತದೆ. ಈ ದೋಣಿ ಹಾಗಲ್ಲ, ಮಗ್ಗುಲು ಬದಲಾಯಿಸಿದರೂ ಸಿಟ್ಟಾಗುತ್ತದೆ.

"ಅಲ್ಲಾಡ್ಬ್ಯಾಡ ಕಣ್ಲಾ. ನಿನ್ ಹೊಟ್ಟೆ ಇರೋ ಕಡೀಕೇ ದೋಣಿ ವಾಲ್ತದೆ."

"ಹೊಟ್ಟೆ ಎರಡೂ ಕಡೀಕೂ ಐತೆ ಭಾವ."

ಅಕ್ಕ ಹುಟ್ಟು ಹಾಕುವುದನ್ನು ನಿಲ್ಲಿಸಿ ನಕ್ಕಳು. ನೀರಿನ ಮೇಲೆ ಆ ನಗು ದೂರ ಹೋಯಿತು. ಅಷ್ಟು ಹಗುರವಾಗಿ ಅವಳು ನಕ್ಕಿದ್ದನ್ನು ನಾನು ಕೇಳಿ ಬಹಳ ಕಾಲವಾಗಿತ್ತು. ಭಾವ ಹಿಂದಿನಿಂದ ಅವಳ ಬೆನ್ನನ್ನೇ ನೋಡುತ್ತ, "ಇದೇನೂ ಅಲ್ಲ ಕಣೇ, ಮೂರ್ನೇದು ನೋಡು. ತೊಣ್ಣೂರು ಕೆರೆ ನೀರಿಗಿಂತ್ಲೂ ತಿಳಿ" ಎಂದರು.

ಆಚೆ ದಡದಲ್ಲಿ ಮರಕ್ಕೆ ಒಂದು ಹಳದಿ ಹಲಗೆ ಹೊಡೆದಿತ್ತು. ಹೊರೆದಾರಿ ಅಲ್ಲಿಂದ ಶುರು. ಸಾಮಾನೆಲ್ಲ ಇಳಿಸಿದೆವು. ಭಾವ ಸೊಂಟಕ್ಕೆ ಕೈಯಿಟ್ಟು, "ಎಲ್ಲಿ, ನೊಗ ಕೊಡ್ಲಾ" ಎಂದರು.

ನಾನು ಅಕ್ಕನ ಮುಖ ನೋಡಿದೆ. ಅಕ್ಕ ನನ್ನ ಮುಖ ನೋಡಿದಳು.

ಭಾವ ಕೂಗಾಡಿದ್ದರೆ ಚೆನ್ನಾಗಿತ್ತು. ಅವರು ಕುಲುಕುಲು ನಕ್ಕರು. "ನಿಮ್ಮವ್ವ ಪರಸ್ಥಾನ ಚೆನ್ನಾಗಿ ಇಡಿಸ್ದಳು. ನೊಗ ಒಂದು ದೇಶ, ನಾವೊಂದು ದೇಶ."

"ವಾಪಸ್ ಓಗನ ಭಾವ. ಕಾರು ನಿಲ್ಲಿಸ್ದ ತಾವು ಅಂಗ್ಡಿ ಇತ್ತಲ್ಲ, ಬಾಡಿಗೆಗೆ ನೊಗ ಇರೋ ದೋಣಿನೇ ಸಿಕ್ತದೇನೋ ಕೇಳನ."

"ಪರಸ್ಥಾನ ಇಟ್ಟು ಹೊಂಟ ಮ್ಯಾಲೆ ಹಿಂದುಕ್ಕೆ ತಿರುಗ್ಬಾರ್ದು ಅಂತ ನಿಮ್ಮವ್ವನೇ ಏಳಿಲ್ವಾ? ಹುಟ್ಟು ಕಟ್ಕಂಡು ಹೊತ್ರಾಯ್ತು ಬಾ."

ಅಲ್ಲಿ ನಾನು ಹಟ ಮಾಡಬೇಕಿತ್ತು. ಒಂದು ಕೆರೆಯಷ್ಟೇ ಹಿಂದೆ ಹೋಗಬೇಕಾಗಿದ್ದದ್ದು. ದೋಣಿಯಲ್ಲಿ ನಗುತ್ತ ಬಂದ ಹೊತ್ತನ್ನು ಕೆಡಿಸಲು ನಮ್ಮಲ್ಲಿ ಯಾರಿಗೂ ಮನಸ್ಸು ಬರಲಿಲ್ಲ.

ಹೊರೆದಾರಿ

ಎರಡು ಹುಟ್ಟುಗಳನ್ನು ದೋಣಿಯ ಅಡ್ಡಪಟ್ಟಿಗಳಿಗೆ ಬಿಗಿದು, ಆ ಕೋಲುಗಳ ಮೇಲೆ ನನ್ನ ಟವೆಲ್ಲು ಸುತ್ತಿ, ಭಾವ ದೋಣಿಯನ್ನು ತಲೆಯ ಮೇಲೆ ಕವುಚಿಕೊಂಡರು. ಹಿಂದಿನಿಂದ ನೋಡಿದರೆ ಕಾಲು ಬಂದ ದೋಣಿ. ನೊಗವಿದ್ದಿದ್ದರೆ ಭಾರ ಎರಡು ಹೆಗಲಿಗೂ ಸಮನಾಗಿ ಹಂಚಿಹೋಗುತ್ತಿತ್ತು. ಈಗ ಕೋಲುಗಳು ಜಾರುತ್ತಿದ್ದವು, ದೋಣಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಿತ್ತು, ಅದನ್ನು ಸರಿತೂಗಿಸುವ ಕೆಲಸವೆಲ್ಲ ಮಂಡಿಯ ಮೇಲೆ ಬೀಳುತ್ತಿತ್ತು.

ದಾರಿಯಲ್ಲಿ ಎದುರಾದವರು ಪಕ್ಕಕ್ಕೆ ಸರಿದು, ಹೊರೆ ಹೊತ್ತವರಿಗೆ ಮೊದಲು ದಾರಿ ಬಿಡುತ್ತಿದ್ದರು. ನಮ್ಮಲ್ಲಾದರೆ ಎಲ್ಲಿಗೆ, ಯಾವೂರು, ಯಾರ ಮಗ ಎಂದು ಕೇಳದೆ ದಾಟುವವರಿಲ್ಲ. ಇಲ್ಲಿ ಕೇಳುವುದು ಹವೆಯ ವಿಚಾರ ಮಾತ್ರ. ನಮ್ಮ ಹಳೆಯ ದಾರಿಗಳ ಪಕ್ಕದಲ್ಲಿ ತಲೆಹೊರೆ ಇಳಿಸಲು ಕಲ್ಲು ನಿಲ್ಲಿಸಿರುತ್ತಿದ್ದರಲ್ಲ, ಇಲ್ಲೂ ದಾರಿಯ ನಡುವೆ ಎರಡು ಮರಗಳಿಗೆ ಅಡ್ಡ ತೊಲೆ ಕಟ್ಟಿದ್ದರು, ದೋಣಿಯ ಮೂತಿ ಆನಿಸಿ ಸುಧಾರಿಸಿಕೊಳ್ಳಲು. ಅದನ್ನು ಕಂಡು ನನಗೆ ಯಾರೋ ಊರಿನವರು ಸಿಕ್ಕಿದಷ್ಟು ಸಂತೋಷವಾಯಿತು.

ಅಲ್ಲಿ ನಿಂತಿದ್ದಾಗ ಒಬ್ಬ ಹುಡುಗಿ, ನಮ್ಮ ಹೈಸ್ಕೂಲು ಟೀಚರಷ್ಟು ವಯಸ್ಸು, ತನ್ನ ದೋಣಿಯನ್ನು ಒಬ್ಬಳೇ ಹೊತ್ತು ತಂದು ಇಳಿಸಿದಳು. ಭಾವನ ಹೆಗಲು ಕೆಂಪಾಗಿದ್ದನ್ನು ನೋಡಿ, ನಿಮ್ಮ ದೋಣಿಯನ್ನೂ ತಂದುಕೊಡಲೇ ಎಂದಳು. ಭಾವ ಬೇಡವೆಂದು ಕೈಮುಗಿದರು.

"ಯಾಕ್ ಭಾವ? ಕೊಡಬಾರ್ದಿತ್ತಾ?"

"ಕಡೇ ಸತಿ ಕಣ್ಲಾ. ನಿಮ್ಮಕ್ಕನ್ನ ನಾನು ಕರ್ಕಂಡೋಯ್ತಿರೋದು."

ದೋಣಿ ಒಂದೇ ಆಗಿದ್ದರೆ ಹೇಗೋ ಆಗುತ್ತಿತ್ತು. ಗಂಟುಗಳು? ಪರೀಕ್ಷೆಯ ದಿನ ಒಂದು ಸಲಕ್ಕೆ ಹೊತ್ತ ಸಾಮಾನು ಈಗ ಎರಡು ಸಲಕ್ಕೂ ಮುಗಿಯಲಿಲ್ಲ. ನೀಲಿ ಡ್ರಮ್ಮನ್ನು ನಾನು ಎತ್ತಿದರೆ ಬೆನ್ನು ಬಾಗುತ್ತಿತ್ತು. ಬೇಡ ಬೇಡವೆಂದರೂ ಭಾವ ಹಿಂದಕ್ಕೆ ಬಂದು ಅದನ್ನು ಹೊತ್ತರು. ಎರಡನೆಯ ಕೆರೆಯ ನೀರು ಮರಗಳ ಸಂದಿಯಲ್ಲಿ ಹೊಳೆಯುತ್ತಿದ್ದಾಗ, ಇಳಿಜಾರಿನಲ್ಲಿ ಮರದ ಬೇರಿಗೆ ಕಾಲು ಸಿಕ್ಕಿ ಅವರ ಮಂಡಿ ತಿರುಚಿಕೊಂಡಿತು. ಡ್ರಮ್ಮನ್ನು ಮಗುವಿನಂತೆ ಮೆಲ್ಲಗೆ ಇಳಿಸಿ, ಆಮೇಲೆ ಕುಳಿತರು. "ಏನಿಲ್ಲ, ಏನಿಲ್ಲ" ಎನ್ನುತ್ತ ಅಕ್ಕನ ಕೈ ಸರಿಸಿದರು. ಹಣೆಯ ಬೆವರು ಬೇರೆ ಹೇಳುತ್ತಿತ್ತು.

ಎರಡನೇ ಕೆರೆ

ಮೊದಲ ರಾತ್ರಿಗೆ ಗೊತ್ತುಮಾಡಿದ್ದ ನಮ್ಮ ಬಿಡಾರ ಎರಡನೆಯ ಕೆರೆಯ ಆಚೆ ದಡದಲ್ಲಿತ್ತು. ಮೂರನೆಯದಕ್ಕೆ ಹೋಗುವ ಹೊರೆದಾರಿ ಅದರ ಹಿಂದಿನಿಂದಲೇ ಹೊರಡುತ್ತಿತ್ತು. ಭಾವ ಕುಳಿತೇ ಹುಟ್ಟು ಹಾಕಿ ನಮ್ಮನ್ನು ದಾಟಿಸಿದರು. ಡೇರೆ ಹೊಡೆದು ಗಂಟು ಬಿಚ್ಚಿದೆವು.

ಮೊದಲು ಹೊರಬಂದದ್ದು ಕುಕ್ಕರು. ಅಕ್ಕ ಅದನ್ನು ತನ್ನ ಮಲಗುವ ಚೀಲದೊಳಗೆ ಸುತ್ತಿಟ್ಟಿದ್ದಳು. ಆಮೇಲೆ ನನ್ನ ಉಳಿದೆರಡು ಮಂಕಿ ಕ್ಯಾಪು, ಒಂದು ಕಂಬಳಿ, ರತ್ನ ಕಟ್ಟಿದ ಕಾಳು ಬೆಲ್ಲ ಪೂರ್ತಿ, ಅವ್ವನ ಮುದ್ದೆ ಕೋಲು. ಎಲ್ಲದರ ತಳದಲ್ಲಿ, ಭಾವನ ಚೀಲದಲ್ಲಿ, ಮಡಿಸುವ ಕುರ್ಚಿ.

"ಇದ್ಯಾರ್ದ್ರೀ?" ಎಂದಳು ಅಕ್ಕ.

ಭಾವ ನಾಚಿಕೊಂಡರು. "ನಿಂಗೆ ನೆಲದ ಮ್ಯಾಲೆ ಕುಂತ್ರೆ ಸೊಂಟ ನೋಯ್ತದಲ್ಲ. ಅಲ್ಲಿ ಓಗಿ ಕೆರೆ ಮುಂದೆ ಹಾಕ್ಕೊಡನಾ ಅಂತ."

ಅಕ್ಕ ಕುರ್ಚಿ ಬಿಡಿಸಿ, ಅದರಲ್ಲಿ ಅವರನ್ನೇ ಕೂರಿಸಿ, ಡ್ರಮ್ಮಿನ ಮೇಲೆ ಕಾಲಿಡಿಸಿ, ಕೆರೆಯ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಮಂಡಿಗೆ ಸುತ್ತಿದಳು.

ಪಕ್ಕದ ಬಿಡಾರದಲ್ಲಿ ಒಬ್ಬ ತಂದೆ ಇಬ್ಬರು ಹೆಣ್ಣುಮಕ್ಕಳೊಡನೆ ಇಳಿದಿದ್ದ. ಅವರ ಸಂಸಾರವೆಲ್ಲ ಎರಡು ಚೀಲದಲ್ಲಿತ್ತು. ಮಂಡಿಗೆ ಕಟ್ಟುವ ಪಟ್ಟಿ ತಂದುಕೊಟ್ಟ. ಅಕ್ಕ ಬದಲಿಗೆ ಮುದ್ದೆ, ಹುರುಳಿ ಸಾರು ಕಳಿಸಿದಳು. ಚಿಕ್ಕವಳು ಮುದ್ದೆಯನ್ನು ಚೂಯಿಂಗ್ ಗಮ್ಮಿನ ಹಾಗೆ ಅಗಿಯುತ್ತಲೇ ಇದ್ದಳು. "ನುಂಗವ್ವಾ, ನುಂಗು" ಎಂದು ನಾನು ಗಂಟಲು ತೋರಿಸಿದರೆ ಹೆದರಿ ಅಪ್ಪನ ಹಿಂದೆ ಸರಿದಳು.

ಬೆಳಿಗ್ಗೆ ನೋಡಿದರೆ ಮಂಡಿ ಕುಂಬಳಕಾಯಾಗಿತ್ತು. ಭಾವ ಎದ್ದು ಎರಡು ಹೆಜ್ಜೆ ಇಟ್ಟು ಮತ್ತೆ ಕುರ್ಚಿಯಲ್ಲಿ ಕುಳಿತರು. ಆ ದಿನ ಹಾಗೇ ಕಳೆಯಿತು. ಮಾರನೆಯ ಬೆಳಿಗ್ಗೆಯೂ ಊತ ಇಳಿಯಲಿಲ್ಲ. ಹಿಂದಿರುಗುವಾಗ ನಮ್ಮ ದೋಣಿಯನ್ನು ತಾನೇ ಹೊರುತ್ತೇನೆ ಎಂದು ಪಕ್ಕದ ಬಿಡಾರದಾತ ಹೇಳಿದ. ಈ ಸಲ ಭಾವ ಬೇಡವೆನ್ನಲಿಲ್ಲ. ಆಗಲೇ ನನಗೆ ಎಲ್ಲ ಮುಗಿಯಿತೆಂದು ಗೊತ್ತಾದದ್ದು.

"ನೀವಿಬ್ರೂ ನಡ್ಕಂಡೋಗಿ ನೋಡ್ಕಂಡ್ ಬಂದ್ಬುಡಿ" ಎಂದರು. "ದೋಣಿ ಯಾಕೆ, ದಡದಲ್ಲಿ ನಿಂತ್ರೂ ಕಾಣ್ತದೆ."

"ನಾನೋಗಲ್ಲ" ಎಂದಳು ಅಕ್ಕ.

"ಇಷ್ಟು ದೂರ ಬಂದು..."

"ಇಷ್ಟು ವರ್ಷ ನೀವು ಕರುದ್ರಿ, ನಾನು ಬರ್ಲಿಲ್ಲ. ಈಗ ನಿಮ್ಮನ್ನ ಇಲ್ಲಿ ಕೂರಿಸಿ ನಾನೊಬ್ಳೇ ಓಗಿ ಏನ್ ನೋಡ್ಲಿ? ಸುಮ್ನಿರಿ."

ಭಾವ ನನ್ನ ಕಡೆ ತಿರುಗಿದರು. "ಅಂಗಾರೆ ನೀನೋಗ್ ಬಾರ್ಲಾ ಶಿವಣ್ಣ. ಎಂಗೈತೆ ನೋಡ್ಕಂಡ್ ಬಂದು ಏಳು. ನಿಂಗೆ ಏಳಕ್ಕೆ ಬತ್ತದೆ."

ಮೂರನೇ ಕೆರೆ

ಆ ದಾರಿಯನ್ನು ನಾನು ಕೈಬೀಸಿಕೊಂಡು ನಡೆದೆ. ಬೆನ್ನ ಮೇಲೆ ಏನೂ ಇರಲಿಲ್ಲ. ಇಳಿಸಲು ಏನೂ ಇಲ್ಲದ್ದರಿಂದ, ಇಲ್ಲೂ ಇದ್ದ ದೋಣಿ ಆನಿಸುವ ತೊಲೆಯ ಹತ್ತಿರ ಬಂದರೂ ನಿಲ್ಲಲಿಲ್ಲ. ಎದುರಿಗೆ ಹೊರೆ ಹೊತ್ತು ಬಂದವರಿಗೆ ನಾನೇ ದಾರಿ ಬಿಟ್ಟೆ. ಅವರು ನನ್ನ ಖಾಲಿ ಕೈ ನೋಡಿ ಇನ್ನೊಂದು ಹೊರೆಗೆ ಹಿಂದೆ ಹೋಗುತ್ತಿದ್ದಾನೆಂದು ತಿಳಿದಿರಬೇಕು.

ದಾರಿ ಒಂದು ದೊಡ್ಡ ಬಂಡೆಯ ಮೇಲೆ ಮುಗಿಯಿತು. ಕೆರೆ ಅಲ್ಲೇ ಇತ್ತು.

ನನಗೊಪ್ಪಿಸಿದ ಕೆಲಸ ನೋಡುವುದು, ನೋಡಿದ್ದನ್ನು ಹೇಳುವುದು. ಬಸ್ಸಿನ ಸ್ಟೇಜುಗಳ ಹೆಸರನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದ ಹಾಗೆ ಒಂದೊಂದನ್ನೂ ಮನಸ್ಸಿಗೆ ಹಾಕಿಕೊಂಡೆ. ನಡುವೆ ದ್ವೀಪ. ದ್ವೀಪದ ತುದಿಯಲ್ಲಿ ಒಂದೇ ಕಡೆಗೆ ವಾಲಿದ ದೇವದಾರು ಮರಗಳು, ಗಾಳಿಗೆ ಬಾಚಿದ ಕೂದಲಿನಂತೆ. ತಳದ ಕಲ್ಲು ದೂರದವರೆಗೂ ಕಾಣುವ ನೀರು. ಕಪ್ಪು ಬಿಳುಪು ಚುಕ್ಕಿಯ ಜೋಡಿ ಹಕ್ಕಿಗಳು, ಒಂದು ಮುಳುಗಿದರೆ ಇನ್ನೊಂದು ಕಾದಿದ್ದು ಕೂಗುತ್ತಿತ್ತು. ಆ ಕೂಗು ಆಚೆ ದಡಕ್ಕೆ ಹೋಗಿ ತಿರುಗಿ ಬರುತ್ತಿತ್ತು. ಮನುಷ್ಯರ ಗುರುತೇ ಇರಲಿಲ್ಲ. ಊರಿಗೆ ಹೋಗುತ್ತೇನೆಂದು ಅಳುತ್ತಿದ್ದ ಒಬ್ಬ ಟ್ರಾಕ್ಟರು ಡ್ರೈವರು ಇಲ್ಲಿ ನಿಂತು ಏನು ಯೋಚಿಸಿರಬಹುದು ಎಂದು ಊಹಿಸಲು ನೋಡಿದೆ. ಆಗಲಿಲ್ಲ. ಬಂಡೆಯ ಮೇಲೆ ಬಿಸಿಲು ಏರುವವರೆಗೂ ನಿಂತು ಹಿಂದಿರುಗಿದೆ.

ಅವರಿಬ್ಬರೂ ನಾನು ಬಿಟ್ಟುಹೋದ ಜಾಗದಲ್ಲೇ ಇದ್ದರು. ಅಕ್ಕ ಈರುಳ್ಳಿ ಹೆಚ್ಚುತ್ತಿದ್ದಳು. ನಾನು ನೆಲದ ಮೇಲೆ ಕುಳಿತು ಹೇಳಲು ಶುರುಮಾಡಿದೆ. ಚಿಕ್ಕಂದಿನಲ್ಲಿ ಕತೆ ಹೇಳುತ್ತಿದ್ದ ನನ್ನ ಅಜ್ಜಿಯಿಂದ ಕಲಿತ ಮಾತುಗಾರಿಕೆಯನ್ನೆಲ್ಲ ಅಲ್ಲಿ ಸುರಿದೆ. ಮರಗಳು ಹೇಗೆ ವಾಲಿದ್ದವೆಂದು ನಾನೇ ವಾಲಿ ತೋರಿಸಿದೆ. ಹಕ್ಕಿಯ ಹಾಗೆ ಕೂಗಿದೆ, ಅಕ್ಕ ನಕ್ಕಳು. ಭಾವ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ನಡುನಡುವೆ, "ಬಂಡೆ ಎಡಗಡೆ ಬಿರುಕು ಬುಟ್ಟೈತಾ?" ಎನ್ನುವರು. ಹೌದೆಂದರೆ, "ಊಂ, ಅದೇಯ" ಎನ್ನುವರು. ನನ್ನ ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ಕಣ್ಣು ಬಿಡಲಿಲ್ಲ.

"ನೀರು ಎಂಗಿತ್ಲಾ?" ಎಂದರು.

"ತಿಳಿಯಾಗಿತ್ತು ಭಾವ. ತಳದ ಕಲ್ಲು..."

"ಅದಲ್ಲ. ಮುಟ್ಟುದ್ಯಾ?"

ಹೊಳೆ ಕಂಡರೆ ಇಳಿದು, ಒಂದು ಬೊಗಸೆ ತೆಗೆದು ಕಣ್ಣಿಗೊತ್ತಿಕೊಂಡು ತಲೆಗೆ ಚಿಮುಕಿಸಿಕೊಳ್ಳದೆ ಬರುವವರು ನಮ್ಮ ಕಡೆ ಯಾರಿದ್ದಾರೆ? ಶ್ರೀರಂಗಪಟ್ಟಣದಲ್ಲಿ ಬಸ್ಸು ಹೊರಡಲು ಎಷ್ಟೇ ತಡವಾದರೂ, ನೀರು ಮುಟ್ಟಿ ಬರುತ್ತೇವೆ ಸಾರ್ ಎಂದವರಿಗಾಗಿ ನಾನು ಕಾದಿದ್ದೇನೆ. ಅಂಥವನು ಆ ಬಂಡೆಯ ಮೇಲೆ, ನೋಡುವುದರಲ್ಲೇ ಮುಳುಗಿ, ಬೂಟು ಕೂಡ ಬಿಚ್ಚದೆ ನಿಂತು ಬಂದಿದ್ದೆ.

"ಇಲ್ಲ ಭಾವ" ಎಂದೆ.

ಅಕ್ಕನ ಚಾಕು ನಿಂತಿತು.

"ಈಗ್ಲೇ ಓಗ್ ಬತ್ತೀನಿ ತಾಳಿ. ಇನ್ನೂ ಹೊತ್ತೈತೆ" ಎಂದು ಎದ್ದೆ. ಬೂಟಿನ ದಾರ ಬಿಗಿಯುತ್ತಿದ್ದ ನನ್ನ ಭುಜವನ್ನು ಭಾವ ಕುರ್ಚಿಯಿಂದಲೇ ಬಾಗಿ ಹಿಡಿದರು. ಸಿಟ್ಟೇನೂ ಇರಲಿಲ್ಲ ಆ ಕೈಯಲ್ಲಿ.

"ಕುತ್ಕಳ್ಲಾ" ಎಂದರು. "ನೀನು ಮುಟ್ಟುದ್ರೆ ನಾನು ಮುಟ್ಟಿದಂಗಾಯ್ತದಾ?"

ನಾನು ಕುಳಿತುಕೊಂಡೆ.